ಮೆಟ್ಟಿಲು ಸಾರ್ ಮನೆಯ ಮಾತು

ಮಕ್ಕಳ ಜೊತೆ ಹೇಗೆ ಮಾತಾಡಬೇಕು ಎಂದು ದೊಡ್ಡವರಿಗೆ ಹೇಳಿಕೊಟ್ಟು ನನ್ನ ಅಣ್ಣ ಹೊಟ್ಟೆ ಹೊರೆಯುತ್ತಾನೆ. ಹೀಗೊಂದು ಕಸುಬು ಇರಬಹುದೆಂದು ನಮ್ಮ ಅಪ್ಪ ಅಮ್ಮನಿಗೆ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ಅವರು ಕರೆದರೆ ನಾವು ಹೋಗುತ್ತಿದ್ದೆವು. ಹೋಗದಿದ್ದರೆ ಇನ್ನೊಮ್ಮೆ ಜೋರಾಗಿ ಕರೆಯುತ್ತಿದ್ದರು. ಅವರ ಶಾಸ್ತ್ರ ಅಲ್ಲಿಗೆ ಮುಗಿಯುತ್ತಿತ್ತು.

ಅಣ್ಣನ ಶಾಸ್ತ್ರಕ್ಕೆ ಐದು ಮೆಟ್ಟಿಲಿವೆ. ಮೊದಲು ಮಗುವಿನ ಮುಂದೆ ಮೊಣಕಾಲೂರಿ ಕೂರಬೇಕು. ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೂರನೆಯ ಮೆಟ್ಟಿಲಲ್ಲಿ ಮಗು ಏನು ಹೇಳಿತೋ ಅದನ್ನೇ, ಅದರ ಮಾತಿನಲ್ಲೇ, ತಿರುಗಿ ಹೇಳಬೇಕು. ನಾಲ್ಕನೆಯದರಲ್ಲಿ ಅದರ ಭಾವನೆಗೆ ಹೆಸರಿಡಬೇಕು. ಕೊನೆಯದರಲ್ಲಿ ಎರಡು ಆಯ್ಕೆ ಮುಂದಿಟ್ಟು ಒಂದನ್ನು ಆರಿಸಿಕೊಳ್ಳಲು ಬಿಡಬೇಕು. ಇಷ್ಟು ಹತ್ತಿಬಿಟ್ಟರೆ ಮಗುವಿನ ಮನಸ್ಸಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದಂತೆ. ಇದನ್ನು ಕಲಿಯಲು ಜನ ರಜಾ ಹಾಕಿ ಬರುತ್ತಾರೆ. ಸಭಾಂಗಣದ ತುಂಬ ಗಂಡಸರು ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳ ಎದುರು ಮೊಣಕಾಲೂರಿ, ಆ ಖಾಲಿ ಕುರ್ಚಿಗಳಿಗೆ "ನಿನಗೆ ಬೇಜಾರಾಗಿದೆ ಅಲ್ವಾ ಕಂದ?" ಎಂದು ಕೇಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕುರ್ಚಿಗಳು ಏನೂ ಹೇಳಲಿಲ್ಲ. ಆದರೂ ಕೆಲವರು ಕಣ್ಣೊರೆಸಿಕೊಂಡರು. ಅಣ್ಣನಿಗೆ ಊರಿನಲ್ಲಿ ಮೆಟ್ಟಿಲು ಸಾರ್ ಎಂದೇ ಹೆಸರು.

ನಾನು ಹಲ್ಲಿನ ಡಾಕ್ಟರು. ಒಂದೇ ಕಟ್ಟಡದಲ್ಲಿ ಕೆಳಗೆ ನನ್ನ ಕ್ಲಿನಿಕ್ಕು, ಮೇಲೆ ಅಣ್ಣನ ಸಂಸಾರ, ಅದರ ಹಿಂದಿನ ಕೋಣೆಯಲ್ಲಿ ನಾನು. ನನ್ನ ಬಳಿ ಬರುವ ಮಕ್ಕಳ ಬಾಯಲ್ಲಿ ಕನ್ನಡಿ, ಹತ್ತಿ, ಎಂಜಲು ಹೀರುವ ಕೊಳವೆ ಎಲ್ಲ ಇರುವುದರಿಂದ ಮಾತಿಗೆ ಜಾಗವಿರುವುದಿಲ್ಲ. ನನ್ನ ಶಾಸ್ತ್ರಕ್ಕೆ ಒಂದೇ ಮೆಟ್ಟಿಲು. ನೋವಾಗುತ್ತೆ ಅಂದರೆ ನೋವಾಗುತ್ತೆ ಅಂತಲೇ ಹೇಳುವುದು. "ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಒಬ್ಬ ಹುಡುಗನಿಗೆ ಕೆಲಸ ಕಲಿಯುವ ಕಾಲದಲ್ಲಿ ಹೇಳಿ ಅವನಿಂದ ಬೆರಳು ಕಚ್ಚಿಸಿಕೊಂಡ ಮೇಲೆ ಬಂದ ಬುದ್ಧಿ ಇದು.

ಅಣ್ಣನಿಗೆ ಒಬ್ಬಳೇ ಮಗಳು, ಮೂರನೇ ಕ್ಲಾಸು. ಹುಟ್ಟಿದ ವರ್ಷವೆಲ್ಲ ಒಂದೇ ಶ್ರುತಿಯಲ್ಲಿ ಎಳೆದೆಳೆದು ಅಳುತ್ತಿದ್ದುದರಿಂದ ಪಿಟೀಲು ಎಂದು ಕರೆಯಲು ಶುರುಮಾಡಿದೆವು, ಅದೇ ನಿಂತಿತು. ಅಳು ಬಿಟ್ಟ ಮೇಲೆ ಮಾತು ಹಿಡಿದಳು. ಶಾಲೆಯಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಅಪ್ಪನ ಮುಂದೆ ನಿಂತು ಅಂದಿನ ಲೋಕದ ಸಮಾಚಾರವನ್ನೆಲ್ಲ ಒಪ್ಪಿಸುತ್ತಿದ್ದಳು. ಅಣ್ಣ ಮೊಣಕಾಲೂರಿ, ಕಣ್ಣಲ್ಲಿ ಕಣ್ಣಿಟ್ಟು, ಒಂದಕ್ಷರ ಬಿಡದೆ ಕೇಳುತ್ತಿದ್ದ. ನೋಡಿದವರು, ಅಪ್ಪ ಅಂದರೆ ಹೀಗಿರಬೇಕು ಅನ್ನುತ್ತಿದ್ದರು. ನಾನೂ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಕೇಳಿದ್ದೆಲ್ಲ ಹೊಟ್ಟೆಯಲ್ಲಿ ಉಳಿಯುತ್ತಿರಲಿಲ್ಲ. ಶನಿವಾರ ಅವಳು ಹೇಳಿದ್ದು ಭಾನುವಾರದ ಶಿಬಿರದಲ್ಲಿ ಉದಾಹರಣೆಯಾಗಿ ಹೊರಗೆ ಬರುತ್ತಿತ್ತು. ಲಿಫ್ಟಿನೊಳಗೆ ಒಬ್ಬಳೇ ಇದ್ದಾಗ ಅವಳಿಗೆ ಹೆದರಿಕೆಯಾದದ್ದು, ಕನ್ನಡಿ ಮುಂದೆ ಟೀಚರ ಹಾಗೆ ಬೈದು ನೋಡಿದ್ದು, ಕ್ಲಾಸಿನ ಹುಡುಗನೊಬ್ಬನ ಕಿವಿ ಚೆನ್ನಾಗಿದೆ ಎಂದು ಅಪ್ಪನ ಕಿವಿಯಲ್ಲಿ ಉಸುರಿದ್ದು, ಎಲ್ಲವನ್ನೂ ಅಣ್ಣ ಮೈಕಿನಲ್ಲಿ ಅಭಿನಯ ಮಾಡಿ ತೋರಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಯಲ್ಲಿ ಅಣ್ಣ ದನಿ ತಗ್ಗಿಸಿ, "ಮಕ್ಕಳ ಮಾತಿಗೆ ಮರ್ಯಾದೆ ಕೊಡಿ" ಅನ್ನುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅನಾಹುತ ಆದದ್ದು ಊಟದ ಡಬ್ಬಿಯಿಂದ. ಪಿಟೀಲಿನ ಪಕ್ಕದಲ್ಲೇ ಕೂರುವ ಗೆಳತಿ ದಿನಾ ಅರ್ಧ ಡಬ್ಬಿ ಊಟವನ್ನು ಶಾಲೆಯ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಅದು ಅವರಿಬ್ಬರ ಗುಟ್ಟು. ಪಿಟೀಲು ಅದನ್ನು ಅಪ್ಪನಿಗೊಬ್ಬನಿಗೆ ಹೇಳಿದಳು, ಯಾರಿಗೂ ಹೇಳಬೇಡ ಅಂತಲೂ ಹೇಳಿದಳು. ಅಣ್ಣ ಹೆಸರು ಹೇಳಲಿಲ್ಲ, ಅಷ್ಟು ಮರ್ಯಾದಸ್ಥ ಅವನು. "ನನ್ನ ಮಗಳ ಪಕ್ಕ ಕೂರುವ ಮಗು" ಅಂದ ಅಷ್ಟೇ. ಆ ಮಗುವಿನ ಅಮ್ಮ ಸಭೆಯ ನಾಲ್ಕನೇ ಸಾಲಿನಲ್ಲಿ ಕೂತಿದ್ದಳು. ಮಾರನೇ ದಿನ ಗೆಳತಿ ಕೆಂಪು ಕಣ್ಣು ಮಾಡಿಕೊಂಡು ಬಂದು, ಬ್ಯಾಗು ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಿ ಕೂತಳು.

ಅಂದಿನಿಂದ ಪಿಟೀಲು ಅಪ್ಪನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ಹಟವಿಲ್ಲ, ಅಳುವಿಲ್ಲ. ಊಟ ಆಯ್ತಾ ಅಂದರೆ ಆಯ್ತು. ಶಾಲೆ ಹೇಗಿತ್ತು ಅಂದರೆ ಇತ್ತು. ಅಣ್ಣ ಮೊಣಕಾಲೂರಿ ಕೂತರೆ ಅವನ ತಲೆಯ ಮೇಲಿಂದ ಗೋಡೆಯ ಗಡಿಯಾರ ನೋಡುತ್ತಾ ನಿಲ್ಲುವಳು. ಅವನು "ನೀನು ಮಾತಾಡ್ತಿಲ್ಲ ಅಂತ ನನಗೆ ಕೇಳಿಸ್ತಿದೆ" ಎಂದು ಮೂರನೇ ಮೆಟ್ಟಿಲು ಹತ್ತುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಆ ವಯಸ್ಸಿಗೆ ಕಲಿತಿದ್ದಳು, ಕಲಿಸಿದ್ದು ಹೆತ್ತ ಅಪ್ಪ.

ಮಗಳ ಬಾಯಿ ಮುಚ್ಚಿದ್ದರಿಂದ ಅಣ್ಣನ ಕಸುಬಿಗೂ ಪೆಟ್ಟು ಬಿತ್ತು. ಹಳೆಯ ಲಿಫ್ಟಿನ ಕಥೆಯನ್ನೇ ತಿರುಗಾಮುರುಗಾ ಹೇಳಿದಾಗ ಮುಂದಿನ ಸಾಲಿನಲ್ಲಿ ಒಬ್ಬರು ಅದರ ಕೊನೆಯ ವಾಕ್ಯವನ್ನು ಇವನಿಗಿಂತ ಮೊದಲೇ ಹೇಳಿಬಿಟ್ಟರಂತೆ. ಆ ದಿನ ಅವನು ಕ್ಲಿನಿಕ್ಕಿಗೆ ಬಂದು ರೋಗಿಗಳ ಕುರ್ಚಿಯಲ್ಲಿ ಒರಗಿ ಮಲಗಿದ.

"ಅವಳು ನಿನ್ನ ಹತ್ರ ಮಾತಾಡ್ತಾಳಾ?" ಅಂದ.

"ಬಾಯಿ ತೆರೆಸಿ ನೋಡೋದು ನನ್ನ ಕೆಲಸ, ಮಾತಾಡಿಸೋದಲ್ಲ," ಅಂದೆ.

ಮಾತಾಡುತ್ತಿದ್ದಳು. ಶಾಲೆಯಿಂದ ಬಂದು, ಕಾಯುವವರ ಬೆಂಚಿನಲ್ಲಿ ಕೂತು, ರೋಗಿಗಳು ಖಾಲಿಯಾದ ಮೇಲೆ ಒಳಗೆ ಬಂದು, ಹಲ್ಲಿನ ಅಚ್ಚುಗಳನ್ನು ಸಾಲಾಗಿ ಜೋಡಿಸುತ್ತಾ ಮಾತಾಡುತ್ತಿದ್ದಳು. ಆದರೆ ಅವಳ ದೊಡ್ಡ ಗುಟ್ಟು ನನಗೆ ಗೊತ್ತಾದದ್ದು ಮಾತಿನಿಂದಲ್ಲ. ಹಲ್ಲು ಹುಳುಕಾಗಿದೆಯೋ ನೋಡೋಣ ಎಂದು ಒಂದು ದಿನ ದೀಪದ ಕೆಳಗೆ ಕೂರಿಸಿದೆ. ಬಾಯಿ ಮುಚ್ಚಿ ಹಲ್ಲು ಕಚ್ಚು ಅಂದರೆ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಕಲೇ ಇಲ್ಲ, ನಡುವಿನ ಸಂದಿಯಲ್ಲಿ ನಾಲಿಗೆಯ ತುದಿ ಕಂಡಿತು. ಮೇಲಿನವು ಮುಂದಕ್ಕೆ ಬಾಗಿದ್ದವು. ಕೈ ನೋಡಿದೆ. ಹತ್ತು ಬೆರಳಲ್ಲಿ ಒಂಬತ್ತಕ್ಕೆ ಬಣ್ಣ, ಮಸಿ, ಮಣ್ಣು. ಬಲಗೈ ಹೆಬ್ಬೆರಳು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ, ಸುಕ್ಕುಸುಕ್ಕು.

ನಾನು ಏನೂ ಕೇಳಲಿಲ್ಲ. ಅವಳೇ ಕೈ ಹಿಂದಕ್ಕೆ ಎಳೆದುಕೊಂಡಳು.

"ಗೊತ್ತಾಯ್ತಾ?" ಅಂದಳು.

"ಗೊತ್ತಾಯ್ತು."

"ಮಲಗಿದಾಗ ಮಾತ್ರ. ಬಿಟ್ಟೇಬಿಟ್ಟಿದ್ದೆ ಅತ್ತೆ. ಅವಳು ಬೆಂಚು ಬಿಟ್ಟು ಹೋದ್ಮೇಲೆ ಮತ್ತೆ ಶುರುವಾಯ್ತು." ಸ್ವಲ್ಪ ಹೊತ್ತು ಅಚ್ಚುಗಳನ್ನು ನೋಡಿದಳು. "ಅಪ್ಪನಿಗೆ ಹೇಳ್ತೀಯಾ?"

"ಹೇಳಲ್ಲ. ಆದ್ರೆ ಬಿಡಿಸ್ಬೇಕು, ಇಲ್ದಿದ್ರೆ ಹಲ್ಲು ಇನ್ನೂ ಮುಂದೆ ಬರುತ್ತೆ. ಸುಲಭ ಅಲ್ಲ ಅದು. ಕೈ ತಾನಾಗೇ ಬಾಯಿಗೆ ಹೋಗುತ್ತೆ, ಕೋಪ ಬರುತ್ತೆ."

ಒಂದು ಪ್ಲಾಸ್ಟರು ಕೊಟ್ಟೆ. ಮಲಗುವಾಗ ಸುತ್ತಿಕೊಂಡರೆ ಬಾಯಿಗೆ ಹೋದ ಬೆರಳಿಗೆ ಎಚ್ಚರವಾಗುತ್ತದೆ, ಅಷ್ಟೇ ಅದರ ಉಪಯೋಗ. ಅತ್ತಿಗೆಗೆ ಮಾತ್ರ ಹೇಳಲು ಅವಳಿಂದ ಅಪ್ಪಣೆ ಪಡೆದೆ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ, ಮನೆಯಲ್ಲಿದ್ದಾಗ ನಿದ್ದೆ. "ನನಗೆ ಯಾವಾಗಲೋ ಗೊತ್ತು," ಅಂದರು ಅತ್ತಿಗೆ. "ಯಾರ ಮೈಯಲ್ಲಿ ಏನು ಕಂಡೆ ಅಂತ ಹೇಳ್ತಾ ಹೋದ್ರೆ ನನ್ನನ್ನ ಆಸ್ಪತ್ರೆಯಲ್ಲಿ ಇಟ್ಕೋತಾರಾ?"

ಅಣ್ಣನಿಗೆ ಮಾತ್ರ ಗೊತ್ತಿರಲಿಲ್ಲ. ಮಗಳ ಕಣ್ಣಲ್ಲಿ ಕಣ್ಣಿಡುವುದರಲ್ಲೇ ಮುಳುಗಿದ್ದವನು ಅವಳ ಕೈ ನೋಡಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಅವಳು ಪ್ಲಾಸ್ಟರು ತೆಗೆಯಲು ಮರೆತು ತಿಂಡಿಗೆ ಕೂತಳು. ಅಣ್ಣ ಬ್ರೆಡ್ಡು ಕೆಳಗಿಟ್ಟು ಮೊಣಕಾಲೂರಿದ.

"ಕಂದ, ಹೆಬ್ಬೆರಳಿಗೆ ಏನಾಯ್ತು?"

ಪಿಟೀಲು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಮುಖ ಕೆಂಪಾಯಿತು. ಅಲ್ಲಿಂದ ಎದ್ದು ಬ್ಯಾಗು ತಗೊಂಡು ಶಾಲೆಯ ಬಸ್ಸಿಗೆ ಹೊತ್ತಾಗುವ ಮೊದಲೇ ಹೊರಟುಹೋದಳು.

ಬೇರೆ ಯಾವ ಅಪ್ಪನಾದರೂ ಗಾಯವೋ ಏನೋ ಎಂದು ಹೆಂಡತಿಯನ್ನು ಕೇಳುತ್ತಿದ್ದ. ನಮ್ಮ ಮೆಟ್ಟಿಲು ಸಾರ್ ಕಣ್ಣುಗಳು ಮಿನುಗಿದವು. ಮುಂದಿನ ಶನಿವಾರ ಪಿಟೀಲಿನ ಶಾಲೆಯಲ್ಲೇ ಅವನ ಭಾಷಣವಿತ್ತು. "ಮಕ್ಕಳೊಂದಿಗೆ ಗೌರವದ ಮಾತುಕತೆ" ಎಂದು ವಿಷಯ. ಊರಿನ ಅರ್ಧ ಅಪ್ಪ ಅಮ್ಮಂದಿರು ಬರುವವರು, ಮಕ್ಕಳಿಗೂ ಬಾಲ್ಕನಿಯಲ್ಲಿ ಜಾಗ. ಹೊಸ ಉದಾಹರಣೆ ಒಂದೂ ಇಲ್ಲದೆ ಒದ್ದಾಡುತ್ತಿದ್ದವನಿಗೆ ದೇವರೇ ಪ್ಲಾಸ್ಟರು ಸುತ್ತಿ ಕಳಿಸಿದ ಹಾಗಾಯಿತು.

"ಈ ಸಲ ಕಥೆ ಹೇಳಲ್ಲ. ಮಾಡಿ ತೋರಿಸ್ತೀನಿ," ಅಂದ ನನ್ನ ಹತ್ತಿರ. "ತಿಂಗಳಿಂದ ಬಾಯಿ ಬಿಡದ ಮಗು, ಏನೋ ಒಂದು ಮುಚ್ಚಿಡ್ತಿದೆ. ಐದು ಮೆಟ್ಟಿಲಲ್ಲಿ ಅದನ್ನ ವೇದಿಕೆ ಮೇಲೇ ಹೊರಗೆ ತರ್ತೀನಿ. ಎಲ್ಲರ ಎದುರಿಗೆ."

ನನಗೆ ಮೈಯೆಲ್ಲ ಉರಿಯಿತು. ಆ ಬಾಲ್ಕನಿಯಲ್ಲಿ ಕೂರುವ ಮಕ್ಕಳಿಗೆ ಪಿಟೀಲು ಹೆಬ್ಬೆರಳು ಚೀಪುತ್ತಾಳೆ ಎಂದು ತಿಳಿದರೆ, ಆ ಶಾಲೆ ಬಿಡುವವರೆಗೂ ಅವಳ ಹೆಸರು ಅದೇ ಆಗುತ್ತದೆ. ಇದ್ದ ಒಬ್ಬ ಗೆಳತಿಯೂ ಹೋಗಿದ್ದಾಳೆ.

"ಅವಳಿಗೆ ಇಷ್ಟ ಇಲ್ಲ," ಅಂದೆ.

"ಅವಳ ಅನುಮತಿ ತಗೊಂಡಿದ್ದೀನಿ."

"ಹೇಗೆ ತಗೊಂಡೆ?"

"ಐದನೇ ಮೆಟ್ಟಿಲು. ನೀಲಿ ಫ್ರಾಕ್ ಹಾಕ್ಕೊಂಡು ವೇದಿಕೆಗೆ ಬರ್ತೀಯಾ, ಹಳದಿ ಫ್ರಾಕ್ ಹಾಕ್ಕೊಂಡು ಬರ್ತೀಯಾ ಅಂತ ಕೇಳಿದೆ. ಹಳದಿ ಅಂದ್ಲು."

ಕೈಯಲ್ಲಿದ್ದ ಇಕ್ಕುಳವನ್ನು ತಟ್ಟೆಗೆ ಹಾಕಿದೆ. ಒಂದು ಕ್ಷಣ ಅದನ್ನು ಬೇರೆ ಕೆಲಸಕ್ಕೆ ಬಳಸುವ ಮನಸ್ಸಾಗಿತ್ತು. "ಅಣ್ಣ, ಅವಳಿಗೆ ಬರೋಕೇ ಇಷ್ಟ ಇಲ್ಲ ಅನ್ನೋದಕ್ಕೆ ಯಾವ ಬಣ್ಣದ ಫ್ರಾಕ್ ಇಟ್ಟಿದ್ದೆ ನೀನು?"

ಅವನು ನಿಧಾನಕ್ಕೆ ಎದ್ದು ಬಂದು ನನ್ನ ಸ್ಟೂಲಿನ ಮುಂದೆ ಮೊಣಕಾಲೂರಿದ. "ಯಾವ ಬಣ್ಣದ ಫ್ರಾಕ್ ಇಟ್ಟಿದ್ದೆ ಅಂತ ಕೇಳ್ತಿದ್ದೀಯ. ನಿನಗೆ ಸಿಟ್ಟು ಬಂದಿದೆ. ಈಗ ಮಾತಾಡೋಣ್ವಾ, ಟೀ ಕುಡಿದು ಮಾತಾಡೋಣ್ವಾ?"

"ಏಳು ಮೇಲೆ," ಅಂದೆ. "ಅವಳು ಏನು ಮುಚ್ಚಿಟ್ಟಿದ್ದಾಳೆ ಅಂತ ನನಗೆ ಗೊತ್ತು. ಅದು ಜನರ ಮುಂದೆ ಆಡೋ ಮಾತಲ್ಲ. ಮನೆ ಮಾತು."

ಇದನ್ನು ಹೇಳಬಾರದಿತ್ತು. ಅವನ ಕುತೂಹಲ ಇನ್ನೂ ಹೆಚ್ಚಾಯಿತು. "ನೀನು ಹಲ್ಲು ಕೀಳೋಳು, ನಾನು ಮನಸ್ಸು ತೆರೆಯೋನು. ನನ್ನ ಕೆಲಸ ನನಗೆ ಬಿಡು," ಎಂದು ಹೇಳಿ ಮೇಲೆ ಹೋದ. ಅತ್ತಿಗೆಯೂ ಹೇಳಿ ನೋಡಿದರು. ಅವರಿಗೂ ಎರಡು ಆಯ್ಕೆ ಸಿಕ್ಕವಂತೆ, ಮುಂದಿನ ಸಾಲಿನಲ್ಲಿ ಕೂರುವುದೋ ಹಿಂದಿನ ಸಾಲಿನಲ್ಲೋ ಅಂತ. ಊರಿಗೆ ಉಪಕಾರಿ, ಮನೆಗೆ ಮಾರಿ.

ಶನಿವಾರ ಶಾಲೆಯ ಸಭಾಂಗಣ ತುಂಬಿತ್ತು. ತಡವಾಗಿ ಬಂದವರು ಗೋಡೆಗೆ ಒರಗಿ ನಿಂತಿದ್ದರು. ಬಾಲ್ಕನಿಯಲ್ಲಿ ಮಕ್ಕಳು ಕಂಬಿಗಳ ಸಂದಿಯಿಂದ ಕಾಲು ಇಳಿಬಿಟ್ಟು ಕೂತಿದ್ದರು. ಮುಖ್ಯೋಪಾಧ್ಯಾಯಿನಿ ಅಣ್ಣನನ್ನು ಪರಿಚಯಿಸುತ್ತಾ, ಮೇಲೆ ಗದ್ದಲ ಮಾಡುತ್ತಿದ್ದ ಮಕ್ಕಳಿಗೆ "ಬಾಯಿ ಮುಚ್ಚಿ ಕೂತ್ಕೊಳ್ರೋ, ಮಕ್ಕಳ ಮಾತು ಕೇಳೋದು ಹೇಗೆ ಅಂತ ಸಾರ್ ಹೇಳ್ತಾರೆ" ಅಂದರು. ಯಾರೂ ನಗಲಿಲ್ಲ. ನಾನು, ಅತ್ತಿಗೆ ಮೂರನೇ ಸಾಲಿನಲ್ಲಿ ಕೂತೆವು. ಅತ್ತಿಗೆ ಪಾಳಿ ಮುಗಿಸಿ ನೇರ ಬಂದಿದ್ದರು, ಕೈಯಲ್ಲಿ ಇನ್ನೂ ಔಷಧದ ವಾಸನೆ.

ಅಣ್ಣ ಚೆನ್ನಾಗಿ ಮಾತಾಡಿದ, ಅದನ್ನು ಅಲ್ಲಗಳೆಯುವಂತಿಲ್ಲ. ಮೆಟ್ಟಿಲು ಒಂದೊಂದಾಗಿ ಹತ್ತಿದ, ಜನರನ್ನೂ ಹತ್ತಿಸಿದ. ಆಮೇಲೆ ಮೈಕನ್ನು ಬಾಯಿಗೆ ಹತ್ತಿರ ತಂದು ಹೇಳಿದ:

"ಈಗ ನನ್ನ ಮಗಳನ್ನ ಕರೀತೀನಿ. ಅವಳ ಮನಸ್ಸಲ್ಲಿ ಏನೋ ಇದೆ. ಏನು ಅಂತ ನನಗೂ ಗೊತ್ತಿಲ್ಲ. ನಾವೆಲ್ಲ ಸೇರಿ, ಗೌರವದಿಂದ, ಅದನ್ನ ಕೇಳೋಣ."

ಪಿಟೀಲು ಪಕ್ಕದ ಪರದೆಯ ಹಿಂದಿನಿಂದ ಬಂದಳು. ಹಳದಿ ಫ್ರಾಕು, ಮುಷ್ಟಿ ಕಟ್ಟಿದ ಬಲಗೈ ಬೆನ್ನ ಹಿಂದೆ. ಬಾಲ್ಕನಿಯಿಂದ ಯಾರೋ ಅವಳ ಹೆಸರು ಕೂಗಿದರು. ಅವಳು ತಲೆ ಎತ್ತಲಿಲ್ಲ. ಎದ್ದು ಹೋಗಿ ಅವಳನ್ನು ಎತ್ತಿಕೊಂಡು ಬಂದುಬಿಡಲೇ ಅನಿಸಿ ಅರ್ಧ ಎದ್ದೆ. ಅತ್ತಿಗೆ ನನ್ನ ಸೆರಗು ಹಿಡಿದು ಕೂರಿಸಿದರು. "ಅವಳ ಮುಖ ನೋಡು," ಅಂದರು. ನೋಡಿದೆ. ಅದು ಅಳುವ ಮುಖವಾಗಿರಲಿಲ್ಲ.

ಅಣ್ಣ ಮೊಣಕಾಲೂರಿದ. ಕಣ್ಣಲ್ಲಿ ಕಣ್ಣಿಟ್ಟ.

"ಕಂದ, ನಿನ್ನ ಹೆಬ್ಬೆರಳಿಗೆ ಏನಾಗಿದೆ ಅಂತ ಅಪ್ಪನಿಗೆ ಹೇಳ್ತೀಯಾ?"

ಪಿಟೀಲು ಎಡಗೈಯಿಂದ ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಮುಂದಕ್ಕೆ ಬಾಗಿ ಅಪ್ಪನ ಕಿವಿಗೆ ಬಾಯಿಟ್ಟಳು. ಹಿಂದಿನ ಸಾಲಿನ ಹೆಂಗಸರು ಮರುಗಿದ ದನಿ ಕೇಳಿಸಿತು. ಅವಳು ನಿಧಾನವಾಗಿ, ಪಾಠ ಒಪ್ಪಿಸುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅಣ್ಣ ವೇದಿಕೆಗಾಗಿಯೇ ಇಟ್ಟುಕೊಂಡ ತಲೆಯಾಡಿಸುವ ಒಂದು ರೀತಿಯಿದೆ, ಹಾಗೆ ತಲೆಯಾಡಿಸುತ್ತಿದ್ದ. ತಿಂಗಳ ಮೇಲೆ ಮಗಳು ತನ್ನ ಜೊತೆ ಮಾತಾಡುತ್ತಿದ್ದಾಳೆ ಎಂಬ ಸಂತೋಷ ಅವನ ಮುಖದ ತುಂಬ ಇತ್ತು. ಆ ಸಂತೋಷ ನಾಟಕವಲ್ಲ ಎಂದು ನನಗೆ ಗೊತ್ತಾಯಿತು, ಹಾಗಾಗಿ ಇನ್ನೂ ಸಂಕಟವಾಯಿತು.

ಅವಳು ಹೇಳಿ ಮುಗಿಸಿ ಹಿಂದೆ ಸರಿದಳು. ಅಣ್ಣ ಮೈಕು ಎತ್ತಿದ. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಮೂರನೇ ಮೆಟ್ಟಿಲು ಹತ್ತಿತು.

"ಕಂದ, ನೀನು ಹೇಳಿದ್ದು ನನಗೆ ಹೀಗೆ ಕೇಳಿಸ್ತು," ಎಂದು ರಾಗವಾಗಿ ಶುರುಮಾಡಿದ. "ಅಪ್ಪ, ನಾನು ನಿನಗೆ ಇನ್ನು ಯಾವತ್ತೂ ಏನೂ ಹೇಳಲ್ಲ. ನಾನು ಏನು ಹೇಳಿದ್ರೂ ನೀನು ಎಲ್ಲರಿಗೂ ಹೇಳ್ತೀಯ. ನನ್ನ ಗೆಳತಿ ನಿನ್ನಿಂದಾನೇ ಹೋದ್ಲು. ಈಗ ನಾನು ಕಿವಿಯಲ್ಲಿ ಹೇಳ್ತಿರೋದನ್ನೂ ನೀನು…"

ಅಲ್ಲಿ ನಿಂತ. ಬಾಯಿ ಆಡಿದ್ದು ಕಿವಿಗೆ ಬಿದ್ದದ್ದು ಆಗ. ಮೈಕು ಅವನ ಕೈಯಲ್ಲಿ ಸಣ್ಣಗೆ ಕುಂಯ್ ಎಂದಿತು. ನಾಲ್ಕನೇ ಮೆಟ್ಟಿಲು ಭಾವನೆಗೆ ಹೆಸರಿಡುವುದು. ಯಾರ ಭಾವನೆಗೆ ಯಾವ ಹೆಸರಿಡಲಿ ಎಂದು ತಿಳಿಯದೆ ಮೊಣಕಾಲ ಮೇಲೇ ಕೂತಿದ್ದ.

ಆಮೇಲೆ ಚಪ್ಪಾಳೆ ಶುರುವಾಯಿತು. ಮೊದಲು ಮುಂದಿನ ಸಾಲು, ಆಮೇಲೆ ಇಡೀ ಸಭಾಂಗಣ ಎದ್ದು ನಿಂತು ತಟ್ಟಿತು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ವೇದಿಕೆಗೆ ಬಂದರು. ತಪ್ಪು ಮಾಡುವ ಅಪ್ಪ ಹೇಗಿರುತ್ತಾನೆ ಎಂದು ಸಾರ್ ತಾವೇ ಆ ಪಾತ್ರ ಮಾಡಿ ತೋರಿಸಿದರಂತೆ, ಇಂಥ ಪ್ರದರ್ಶನವನ್ನು ಅವರು ಜನ್ಮದಲ್ಲಿ ಕಂಡಿಲ್ಲವಂತೆ. "ಮಗುವಿಗೆ ತಾಲೀಮು ಯಾರು ಕೊಟ್ಟಿದ್ದು ಸಾರ್?" ಎಂದು ಮೈಕಿನಲ್ಲೇ ಕೇಳಿದರು. ಅಣ್ಣ ಬಾಯಿ ತೆರೆದ, ಮುಚ್ಚಿದ. ಮೂರನೇ ಸಾಲಿನಲ್ಲಿ ಅತ್ತಿಗೆ ಮತ್ತು ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಾಲ್ಕನಿಯಲ್ಲಿ ಮಕ್ಕಳೂ ತಟ್ಟಲಿಲ್ಲ. ಅವರಿಗೆ ಎಲ್ಲ ಅರ್ಥವಾಗಿತ್ತು.

ಪಿಟೀಲು ಯಾರ ಕೈಗೂ ಸಿಗದೆ ವೇದಿಕೆ ಇಳಿದು ನಮ್ಮ ಬಳಿ ಬಂದು ಅಮ್ಮನ ಪಕ್ಕದಲ್ಲಿ ಕೂತಳು. ಮುಷ್ಟಿ ಈಗಲೂ ಬಿಗಿಯಾಗಿತ್ತು. ಗುಟ್ಟು ಗುಟ್ಟಾಗೇ ಉಳಿದಿತ್ತು.

ಮನೆಗೆ ಬಂದ ಅಣ್ಣ ಮೇಲೆ ಹತ್ತದೆ ನನ್ನ ಹಿಂದೆಯೇ ಕ್ಲಿನಿಕ್ಕಿನೊಳಗೆ ಬಂದ. ಕಾಯುವವರ ಬೆಂಚಿನ ತುದಿಯಲ್ಲಿ ಕೂತ.

"ಎರಡು ಶಾಲೆಯವರು ಆಗಲೇ ಫೋನ್ ಮಾಡಿದ್ರು. ಇದನ್ನೇ ಅಲ್ಲೂ ಮಾಡಿ ತೋರಿಸ್ಬೇಕಂತೆ," ಅಂದ.

"ಏನಂದೆ?"

"ಆಗಲ್ಲ ಅಂದೆ." ಅಂಗೈ ನೋಡಿಕೊಂಡ. "ಅವಳು ಕಿವಿಯಲ್ಲಿ ಹೇಳುವಾಗ ನನಗೆ ಮಾತು ಕೇಳಿಸ್ಲೇ ಇಲ್ಲ ಕಣೇ. ದನಿ ಮಾತ್ರ ಕೇಳಿಸ್ತು. ಮೈಕಲ್ಲಿ ನಾನು ಹೇಳಿದ್ಮೇಲೆ ಕೇಳಿಸ್ತು." ಆಮೇಲೆ, "ಅವಳ ಬೆರಳಿಗೇನಾಗಿದೆ, ಅದನ್ನಾದ್ರೂ ಹೇಳು. ಗಾಬರಿ ಆಗೋ ಥರದ್ದಾ?"

"ಗಾಬರಿ ಆಗೋ ಥರದ್ದಲ್ಲ. ಅದಕ್ಕಿಂತ ಹೆಚ್ಚಿಗೆ ನಾನು ಹೇಳಲ್ಲ."

"ನಾನು ಅವಳ ಅಪ್ಪ."

"ಹೌದು. ಅದಕ್ಕೇ ಅವಳೇ ಹೇಳ್ಬೇಕು. ನೀನು ಕೇಳ್ಬೇಡ, ಕಾಯ್ತಿರು."

ಅಣ್ಣನಿಗೆ ಕಾಯುವುದಕ್ಕೆ ಮೆಟ್ಟಿಲಿಲ್ಲ. ಆದರೂ ಕಾದ. ಮನೆಯಲ್ಲಿ ಮೊಣಕಾಲೂರುವುದನ್ನು ಬಿಟ್ಟ. ಸಂಜೆ ಹೊತ್ತು ಮಗಳು ಹೋಂವರ್ಕ್ ಬರೆಯುವ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ತನ್ನ ಕೆಲಸ ಮಾಡಿಕೊಂಡ, ಪೆನ್ಸಿಲ್ ಕೇಳಿದರೆ ಪೆನ್ಸಿಲ್ ಕೊಟ್ಟ. ಪೆನ್ಸಿಲ್ ಕೇಳುವ ಮಗುವಿನ ಭಾವನೆ ಏನು ಎಂದು ವಿಚಾರಿಸದೆ ಕೊಟ್ಟ, ಅದು ಅವನ ಮಟ್ಟಿಗೆ ದೊಡ್ಡ ತಪಸ್ಸು.

ಕೆಲವು ವಾರಗಳ ಮೇಲೆ ಪಿಟೀಲು ಕ್ಲಿನಿಕ್ಕಿಗೆ ಬಂದು ಅಚ್ಚುಗಳನ್ನು ಜೋಡಿಸುತ್ತಾ, "ಇವತ್ತು ಅಪ್ಪನಿಗೆ ಒಂದು ಗುಟ್ಟು ಹೇಳ್ದೆ," ಅಂದಳು.

ನನ್ನ ಕೈ ನಿಂತಿತು. "ಬೆರಳಿನ ವಿಷಯಾನಾ?"

"ಅದಲ್ಲ. ಸ್ಕೂಲಲ್ಲಿ ನೀರು ಕುಡಿಯೋ ನಲ್ಲಿ ಹಿಂದೆ ಗೋಡೆ ಇದೆಯಲ್ಲ, ಆ ಗೋಡೆಯೊಳಗೆ ನನಗೊಬ್ಬ ಗೆಳತಿ ಇದ್ದಾಳೆ ಅಂದೆ. ದಿನಾ ಅವಳ ಹತ್ರ ಮಾತಾಡ್ತೀನಿ, ಅವಳು ಒಳಗಿಂದ ಟಕ್ ಟಕ್ ಅಂತ ಉತ್ತರ ಕೊಡ್ತಾಳೆ ಅಂದೆ. ಯಾರಿಗೂ ಹೇಳ್ಬೇಡ ಅಂದೆ."

ಒಬ್ಬಳೇ ಕೂತು ಗೋಡೆಯ ಜೊತೆ ಮಾತಾಡುವ ಮಟ್ಟಕ್ಕೆ ಬಂತೇ ಮಗು ಎಂದು ಅವಳ ಭುಜ ಹಿಡಿದುಕೊಂಡೆ. "ನಿಜವಾ ಪಿಟೀಲು?"

"ಸುಳ್ಳು," ಅಂದಳು, ಅಚ್ಚಿನಿಂದ ಕಣ್ಣೆತ್ತದೆ. "ಅಪ್ಪನಿಗೆ ಇಷ್ಟ ಆಗೋ ಥರದ್ದು ಮಾಡಿದ್ದೀನಿ. ಬೇರೆ ಯಾರಾದ್ರೂ ನನ್ನನ್ನ ಗೋಡೆ ಬಗ್ಗೆ ಕೇಳಿದ್ರೆ ಅಪ್ಪ ಹೇಳಿದ್ದಾನೆ ಅಂತ ಗೊತ್ತಾಗುತ್ತೆ."

ಎಂಥ ಗಾಳ, ಎಂಥ ಎರೆ. ಮನಸ್ಸಿನ ಶಾಸ್ತ್ರ ಓದಿದವರು ಬಾಯಲ್ಲಿ ನೀರೂರಿಸುವಂಥ ಕಥೆ ಅದು, ಅಣ್ಣನಿಗೆ ವರ್ಷವಿಡೀ ಸಾಕಾಗುವಷ್ಟು. ಎಳ್ಳುಕಾಳೂ ನೆನೆಯದ ಆ ಬಾಯಲ್ಲಿ ಇಂಥದ್ದು ಎಷ್ಟು ಹೊತ್ತು ನಿಂತೀತು? ಅವನಿಗೆ ಎಚ್ಚರಿಕೆ ಕೊಡೋಣವೆಂದು ನನ್ನ ನಾಲಿಗೆಯೂ ತುರಿಸಿತು. ಕೊಟ್ಟರೆ ನಾನೂ ಅದೇ ಜಾತಿಗೆ ಸೇರುತ್ತಿದ್ದೆ, ಹಾಗಾಗಿ ಹಲ್ಲು ಕಚ್ಚಿಕೊಂಡೆ.

ಮಾರನೇ ದಿನ ಅಣ್ಣ ಕೆಳಗೆ ಬಂದ. ಕೆನ್ನೆ ಊದಿಕೊಂಡಂತಿತ್ತು.

"ಹಲ್ಲು ನೋವಾ?" ಅಂದೆ.

"ಇಲ್ಲ." ಕೂತ, ಎದ್ದ, ಕಿಟಕಿಯ ಹತ್ತಿರ ಹೋಗಿ ಬಂದ. "ಪಿಟೀಲು ನನಗೊಂದು ವಿಷಯ ಹೇಳಿದ್ಲು."

"ಏನು?"

"ಹೇಳಲ್ಲ," ಅಂದ. ಕಣ್ಣಲ್ಲಿ ನೀರಿತ್ತು. "ಅಲ್ಲ, ಮನಸ್ಸಿಗೆ ಕಷ್ಟ ಆಗೋ ವಿಷಯ. ಏನು ಮಾಡ್ಬೇಕು ಅಂತಾನೂ ಗೊತ್ತಿಲ್ಲ. ಆದ್ರೂ ಹೇಳಲ್ಲ. ಕೇಳ್ಬೇಡ ನನ್ನನ್ನ."

"ನಾನು ಕೇಳ್ತಿಲ್ಲ. ನೀನೇ ಬಂದಿದ್ದೀಯ."

"ಹೋಗ್ತೀನಿ," ಎಂದು ಹೋದ. ಬಾಗಿಲ ತನಕ ಹೋಗಿ ಮತ್ತೆ ಬಂದ. ಮತ್ತೆ ಹೋದ. ನನಗೆ ನಗು ಬಂತು, ಅವನನ್ನು ನೋಡಿ ಅಯ್ಯೋ ಅಂತಲೂ ಅನಿಸಿತು. ಇಲ್ಲದ ಗೆಳತಿಗಾಗಿ ಅವನು ನಿಜವಾಗಿಯೇ ಕೊರಗುತ್ತಿದ್ದ.

ಆ ಭಾನುವಾರದ ಶಿಬಿರಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಒಂದು ಗಂಟೆ ಪರವಾಗಿಲ್ಲ, ಆಮೇಲೆ ಜನ ಆಕಳಿಸಲು ಶುರುಮಾಡಿದರು. ಯಾರೋ "ಸಾರ್, ಒಂದು ಉದಾಹರಣೆ ಕೊಡಿ" ಅಂದರು. ಅಣ್ಣ ಮೈಕು ಹತ್ತಿರ ತಂದ. "ನನಗೆ ಗೊತ್ತಿರೋ ಒಂದು ಮಗು," ಅಂದ. ನಾನು ಕಣ್ಣು ಮುಚ್ಚಿಕೊಂಡೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕಣ್ಣು ತೆರೆದರೆ ಅವನು ನೀರು ಕುಡಿಯುತ್ತಿದ್ದ, ಲೋಟ ಖಾಲಿಯಾದರೂ ಕುಡಿಯುತ್ತಲೇ ಇದ್ದ. ಆಮೇಲೆ ಲೋಟ ಇಟ್ಟು, "ಆ ಮಗುವಿನ ವಿಷಯ ಆ ಮಗೂದು. ನಾನು ಚಿಕ್ಕವನಾಗಿದ್ದಾಗಿನ ನನ್ನದೇ ಒಂದು ಸಂಗತಿ ಹೇಳ್ತೀನಿ," ಎಂದು ಶುರುಮಾಡಿದ. ಅವನು ಬಾಲ್ಯದಲ್ಲಿ ಒಂದು ಕೊಡೆ ಕಳೆದುಕೊಂಡ ಕಥೆ. ಅದರಲ್ಲಿ ನಗುವಂಥದ್ದೂ ಇರಲಿಲ್ಲ, ಅಳುವಂಥದ್ದೂ ಇರಲಿಲ್ಲ. ಕೊಡೆ ಕೊನೆಗೂ ಸಿಗಲಿಲ್ಲ. ಟೀ ವಿರಾಮಕ್ಕೆ ಹೊರಗೆ ಹೋದವರಲ್ಲಿ ಅನೇಕರು ತಿರುಗಿ ಬರಲಿಲ್ಲ. ನಾನು ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನ್ನುವಷ್ಟು ಖುಷಿಯಾಗಿ ಕೂತಿದ್ದೆ.

ಪಿಟೀಲು ತನ್ನ ಪರೀಕ್ಷೆಯನ್ನು ಅಷ್ಟಕ್ಕೇ ಮುಗಿಸಲಿಲ್ಲ. ಶಾಲೆಯಲ್ಲಿ ಟೀಚರ ಮುಖ ನೋಡಿದಳು, ಬಸ್ಸಿನ ಡ್ರೈವರ ಮುಖ ನೋಡಿದಳು, ಅಮ್ಮನನ್ನು ಸುತ್ತಿ ಬಳಸಿ ಕೇಳಿ ನೋಡಿದಳು. ಗೋಡೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಒಂದು ಸಂಜೆ ಬಂದು ರೋಗಿಗಳ ಕುರ್ಚಿ ಹತ್ತಿ ಕೂತು, ಕಾಲು ಆಡಿಸುತ್ತಾ ವರದಿ ಒಪ್ಪಿಸಿದಳು.

"ಅಪ್ಪ ಯಾರಿಗೂ ಹೇಳಿಲ್ಲ ಅತ್ತೆ."

"ನೋಡಿದ್ಯಾ?" ಅಂದೆ. ನನಗೇ ಗೆದ್ದಷ್ಟು ಸಂಭ್ರಮ. ದೀಪ ಅವಳ ಕಡೆಗೆ ತಿರುಗಿಸಿ, ಬಾ ಹಲ್ಲು ತೋರಿಸು ಎಂದು ಕನ್ನಡಿ ಕೈಗೆತ್ತಿಕೊಂಡೆ. "ಹಾಗಾದ್ರೆ ಇನ್ನು ನಿಜವಾದ್ದು ಹೇಳ್ತೀಯಾ ಅಪ್ಪನಿಗೆ?"

ಪಿಟೀಲು ಯೋಚಿಸಿದಳು.

"ಈಗಲೇ ಇಲ್ಲ. ಮೊದಲು ಇನ್ನೊಂದು ಸುಳ್ಳು ಹೇಳಿ ನೋಡ್ತೀನಿ," ಅಂದಳು. "ಒಂದು ಸಲ ಯಾರು ಬೇಕಾದ್ರೂ ಸುಮ್ನಿರ್ತಾರೆ."